ದಾರಿ ಖರ್ಚು ಯಾರದು?

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಕನ್ನಡ ಶಾಲೆಗಳ ಮಕ್ಕಳು ಆಟದಲ್ಲಿ ಹಿಂದುಳಿಯಲು ಅವರ ಊರು ಇರುವ ಜಾಗವೇ ದೊಡ್ಡ ಕಾರಣ ಎಂದು ನಾನು ಬರೆದಿದ್ದೆ. ಆಯ್ಕೆ ಮಾಡುವವರು ಊರಿಗೆ ಬರಬೇಕು, ಗಡಿಯಾಚೆ ಕರ್ನಾಟಕದಲ್ಲಿ ಹತ್ತಿರವೇ ಇರುವ ವಿಜಯಪುರದ ಕ್ರೀಡಾ ನಿಲಯದ ಬಾಗಿಲು ಈ ಮಕ್ಕಳಿಗೂ ತೆರೆಯಬೇಕು ಎಂಬ ಎರಡು ಮಾತು ಅದರಲ್ಲಿದ್ದವು. ಆ ವಾದ ಹೊರಟದ್ದು ಒಂದು ಕಂಪ್ಯೂಟರ್ ಆಟದಿಂದ. ಅದನ್ನು ಓದಿ ಹಲವರು ವಿರೋಧಿಸಿದರು. ಅವರಲ್ಲಿ ತರಬೇತುದಾರರಿದ್ದಾರೆ, ಆಯ್ಕೆ ಸಮಿತಿಯಲ್ಲಿ ಕೂತು ಬಂದವರಿದ್ದಾರೆ, ನನ್ನ ಕೈಯಲ್ಲೇ ಕಬಡ್ಡಿ ಕಲಿತು ಇವತ್ತು ಪುಣೆಯಲ್ಲಿ ನೌಕರಿ ಮಾಡುವ ಒಬ್ಬ ಹುಡುಗನೂ ಇದ್ದಾನೆ. ಎಲ್ಲರ ಆಕ್ಷೇಪಗಳನ್ನೂ ಎದುರಿಗೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಮೂವತ್ತು ವರ್ಷ ದೈಹಿಕ ಶಿಕ್ಷಣದ ಮೇಷ್ಟರಾಗಿ ಈ ಸೀಮೆಯಲ್ಲಿ ಸೀಟಿ ಊದಿದವನಿಗೆ ಇದು ಸುಮ್ಮನೆ ಬಿಡುವ ಮಾತಲ್ಲ.

ಮೊದಲನೆಯ ಆಕ್ಷೇಪ: ಕಂಪ್ಯೂಟರ್ ಆಟ ನೋಡಿ ಮಕ್ಕಳ ಭವಿಷ್ಯದ ಪಾಠ ಹೇಳುತ್ತೀರಾ ಎಂಬುದು.

ನನ್ನ ತಂಗಿಯ ಮಗ ಆಡುವ ಆ ಆಟದ ಹೆಸರು ‘ಹೂಪ್ಸ್ ಡೈನಸ್ಟಿ’. ಆಡುವವನು ಅಮೆರಿಕದ ಒಂದು ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಕೋಚ್ ಆಗುತ್ತಾನೆ. ಅವನ ಕೈಗೆ ಇಂತಿಷ್ಟು ಹಣ ಬರುತ್ತದೆ. ಆ ಹಣದಲ್ಲಿ ಅವನು ಹೈಸ್ಕೂಲ್ ಹುಡುಗರನ್ನು ಹುಡುಕಬೇಕು, ಅವರ ಮನೆಗೆ ಹೋಗಬೇಕು, ಅವರನ್ನು ತನ್ನ ಕಾಲೇಜಿಗೆ ಕರೆಸಿ ತೋರಿಸಬೇಕು. ಹುಡುಗನ ಊರು ದೂರವಾದಷ್ಟೂ ಒಂದೊಂದು ಭೇಟಿಗೆ ತಗಲುವ ಖರ್ಚು ಏರುತ್ತದೆ. ಮನೆ ಹತ್ತಿರವೇ ಇರಬೇಕೆಂಬ ಹುಡುಗರು, ಮನೆಯಿಂದ ದೂರ ಹೋಗಬೇಕೆಂಬ ಹುಡುಗರು, ಎರಡೂ ಬಗೆಯವರು ಅದರಲ್ಲಿದ್ದಾರೆ. ಹಾಗಾಗಿ ಯಾವ ಕಾಲೇಜು ತೆಗೆದುಕೊಂಡೆ ಎಂಬುದರಲ್ಲೇ ಅರ್ಧ ಆಟ ನಿಂತಿದೆ. ಸುತ್ತ ಹುಡುಗರು ಹೇರಳವಾಗಿರುವ ಊರಿನ ಕೋಚ್‌ಗೆ ಅದೇ ಹಣ ಹೆಚ್ಚು ದಿನ ಬಾಳಿಕೆ ಬರುತ್ತದೆ, ಒಂಟಿ ಬಯಲಿನ ಕಾಲೇಜಿನವನದು ಬೇಗ ಕರಗುತ್ತದೆ.

ಆಟ ತಯಾರಿಸಿದವರು ಇದನ್ನು ಗಾಳಿಯಿಂದ ತಂದಿಲ್ಲ. ಅಮೆರಿಕದಲ್ಲಿ ನಿಜವಾಗಿಯೂ ಕಾಲೇಜಿನ ಕೋಚ್ ಹುಡುಗನ ಮನೆ ಬಾಗಿಲಿಗೆ ಹೋಗುತ್ತಾನೆ, ಹುಡುಗನನ್ನು ಕಾಲೇಜು ನೋಡಲು ಕರೆಸಿದರೆ ಆ ಖರ್ಚನ್ನು ಕಾಲೇಜೇ ಹಾಕುತ್ತದೆ. ನಾನು ಕುರ್ಚಿ ಎಳೆದುಕೊಂಡು ಆ ಆಟ ನೋಡುತ್ತ ಕೂತಿದ್ದಕ್ಕೆ ಕಾರಣ ಇಷ್ಟೇ: ದೂರದ ಖರ್ಚನ್ನು ಅಲ್ಲಿ ಹುಡುಕುವವನ ಖಾತೆಗೆ ಬರೆದಿದ್ದಾರೆ. ನಮ್ಮಲ್ಲಿ ಅದು ಹನ್ನೆರಡು ವರ್ಷದ ಹುಡುಗಿಯ ಅಪ್ಪನ ಖಾತೆಗೆ ಬೀಳುತ್ತದೆ. ನನ್ನ ವಾದವೆಲ್ಲ ಈ ಒಂದು ಮಾತಿನಿಂದ ಹೊರಟದ್ದು. ಇದಕ್ಕೆ ಆಕ್ಷೇಪ ಎತ್ತಿದವರಲ್ಲಿ ಯಾರೂ ಉತ್ತರ ಕೊಟ್ಟಿಲ್ಲ.

ಎರಡನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿ. ‘ಪ್ರತಿಭೆ ಇದ್ದರೆ ಅದು ತಾನಾಗಿ ಹೊರಬರುತ್ತದೆ. ಎಕ್ಸಂಬಾದ ಶ್ರೀಪತಿ ಖಂಚನಾಳೆ ಬರಲಿಲ್ಲವೇ? ಬೀಡ ಜಿಲ್ಲೆಯ ಬರದ ಊರಿನಿಂದ ಅವಿನಾಶ ಸಾಬಳೆ ಬರಲಿಲ್ಲವೇ? ನಿಮ್ಮ ಜಿಲ್ಲೆಯದೇ ಆಟಪಾಡಿ ತಾಲೂಕಿನ ಸಚಿನ್ ಖಿಲಾರಿ ಪ್ಯಾರಿಸ್‌ನಲ್ಲಿ ಪದಕ ಗೆಲ್ಲಲಿಲ್ಲವೇ?’

ಮೂರು ಹೆಸರೂ ನನಗೆ ಪೂಜ್ಯ. ಒಂದೊಂದನ್ನೇ ನೋಡೋಣ.

ಖಂಚನಾಳೆಯವರು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲೂಕಿನ ಎಕ್ಸಂಬಾದವರು. 1959ರಲ್ಲಿ ದಿಲ್ಲಿಯಲ್ಲಿ ಪಂಜಾಬಿನ ಬಂತಾ ಸಿಂಗ್ ಅವರನ್ನು ಕೆಡವಿ ಹಿಂದ್ ಕೇಸರಿ ಆದರು. ಅವರು ಪಳಗಿದ್ದು ಕೊಲ್ಹಾಪುರದ ತಾಲೀಮಿನಲ್ಲಿ. ಎಕ್ಸಂಬಾದಿಂದ ಕೊಲ್ಹಾಪುರ ಬೆಳಗ್ಗೆ ಹೊರಟು ಸಂಜೆ ತಿರುಗಿ ಬರುವಷ್ಟು ಹತ್ತಿರ. ಆ ಕೊಲ್ಹಾಪುರವಾದರೂ ಎಂಥದು? ಶಾಹೂ ಮಹಾರಾಜರು ಕುಸ್ತಿಗೆ ಅನ್ನ, ನೆರಳು, ಮರ್ಯಾದೆ ಮೂರೂ ಕೊಟ್ಟ ಊರು. 1912ರಲ್ಲಿ ಖಾಸಬಾಗ್ ಮೈದಾನ ಕಟ್ಟಿಸಿ ಸಾವಿರಾರು ಜನ ಕೂತು ಕುಸ್ತಿ ನೋಡುವಂತೆ ಮಾಡಿದ ಊರು. ಪೇಟೆಗೊಂದು ತಾಲೀಮು, ತಾಲೀಮಿಗೊಬ್ಬ ವಸ್ತಾದ, ಹಾಲಿನ ಸೀಮೆ, ಜಾತ್ರೆಗೊಂದು ಇನಾಮಿನ ಜೋಡಿ. ಅಂಥ ಊರು ಕೈಯಳತೆಯಲ್ಲಿ ಇದ್ದಾಗ ಪೈಲವಾನ ಹುಟ್ಟುತ್ತಾನೆ. ಖಂಚನಾಳೆಯವರ ಕಸುವನ್ನು, ಬೆವರನ್ನು ನಾನು ಕಿರಿದು ಮಾಡುತ್ತಿಲ್ಲ. ಅವರು ಹತ್ತಿರದ ಊರಿಗೆ ಹೋದರು, ಆ ಊರು ಅವರನ್ನು ಒಳಗೆ ಕರೆದುಕೊಂಡಿತು ಎಂದಷ್ಟೇ ಹೇಳುತ್ತಿದ್ದೇನೆ. ಅವರ ಬದುಕು ನನ್ನ ಪರ ಸಾಕ್ಷಿ ಹೇಳುತ್ತದೆ.

ಸಾಬಳೆಯವರ ಕಥೆ ಇನ್ನೂ ಬಿಗಿಯಾದದ್ದು. ಬೀಡ ಜಿಲ್ಲೆಯ ಆಷ್ಟಿ ತಾಲೂಕಿನ ಮಾಂಡವಾದ ಹುಡುಗ. ಶಾಲೆ ಆರು ಕಿಲೋಮೀಟರ್ ದೂರ. ನಡೆದು, ಓಡಿ ಹೋಗಿ ಬಂದ. 2022ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 3000 ಮೀಟರ್ ಸ್ಟೀಪಲ್‌ಚೇಸ್‌ನಲ್ಲಿ ಬೆಳ್ಳಿ, ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ. ಆದರೆ ಅವನ ಕಾಲಿನ ಗುಣ ಕಂಡದ್ದು ಯಾರಿಗೆ, ಯಾವಾಗ? ಹನ್ನೆರಡನೆಯ ತರಗತಿ ಮುಗಿಸಿ ಸೈನ್ಯ ಸೇರಿದ, ಸಿಯಾಚಿನ್‌ನಲ್ಲಿ ಕಾವಲು ಕಾಯ್ದ, 2015ರಲ್ಲಿ ಸೈನ್ಯದ ಒಳಗಿನ ಓಟದ ಸ್ಪರ್ಧೆಗೆ ಇಳಿದ. ಆಗ ಅವನಿಗೆ ಇಪ್ಪತ್ತು ದಾಟಿತ್ತು. ಶಾಲೆಗೆ ದಿನಾ ಓಡುತ್ತಿದ್ದ ಹುಡುಗ ಓಟಗಾರನಾಗಿ ಹೊರಬರಲು ಅಷ್ಟು ವರ್ಷ ಹಿಡಿಯಿತು. ಸೈನ್ಯ ಅವನನ್ನು ಸಿಪಾಯಿಯಾಗಿ ಸೇರಿಸಿಕೊಂಡಿತು, ಓಟಗಾರ ಅಲ್ಲಿ ಆಮೇಲೆ ಸಿಕ್ಕ. ಭರ್ತಿಯ ದಿನ ಅವನು ಎತ್ತರದಲ್ಲೋ ತೂಕದಲ್ಲೋ ಒಂದು ಅಳತೆ ಕಡಿಮೆ ಬಿದ್ದಿದ್ದರೆ ಇವತ್ತು ನಾವು ಆ ಹೆಸರನ್ನೇ ಕೇಳುತ್ತಿರಲಿಲ್ಲ. ‘ಪ್ರತಿಭೆ ತಾನಾಗಿ ಬರುತ್ತದೆ’ ಎನ್ನುವವರು ಬಂದವರನ್ನು ಮಾತ್ರ ಎಣಿಸುತ್ತಾರೆ. ಮಾಂಡವಾದ ಅದೇ ದಾರಿಯಲ್ಲಿ ಸಾಬಳೆಯ ಜೊತೆ ಓಡಿದ ಉಳಿದ ಹುಡುಗರನ್ನು ಎಣಿಸಲು ಯಾರಿಂದಲೂ ಆಗುವುದಿಲ್ಲ.

ಖಿಲಾರಿಯವರು ಕರಗಣಿಯವರು. ಆಟಪಾಡಿಯೂ ನಮ್ಮ ಹಾಗೆ ಬರದ ತಾಲೂಕು. 2024ರ ಪ್ಯಾರಾಲಿಂಪಿಕ್ಸ್‌ನ ಗುಂಡು ಎಸೆತದಲ್ಲಿ ಬೆಳ್ಳಿ ಗೆದ್ದರು. ಆದರೆ ಓದಿಗೆಂದು ಪುಣೆಗೆ ಹೋದ ಮೇಲೆ ಅವರ ಆಟ ಆಟವಾಯಿತು. ಊರು ಬಿಟ್ಟ ಮೇಲೆಯೇ ದಾರಿ ತೆರೆಯಿತು ಎಂಬುದು ಊರಿನ ಜಾಗಕ್ಕೆ ತೂಕವಿಲ್ಲ ಎನ್ನುವವರಿಗೆ ಹೇಗೆ ನೆರವಾಗುತ್ತದೆ?

ಇನ್ನು ನಮ್ಮ ಸಾಂಗ್ಲಿ ಜಿಲ್ಲೆಯ ನಕ್ಷೆ ತೆಗೆದುಕೊಳ್ಳಿ. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಕುಸ್ತಿಯ ಚಿನ್ನ ತಂದ ಮಾರುತಿ ಮಾನೆ ಕವಠೇ ಪಿರಾನದವರು. ಅದೇ ಕೂಟದ ಇನ್ನೊಬ್ಬ ಚಿನ್ನದ ಪೈಲವಾನ ಗಣಪತ ಆಂದಳಕರ ಶಿರಾಳಾ ತಾಲೂಕಿನ ಪುನವತದವರು. ಕಬಡ್ಡಿಯ ಕಾಶಿಲಿಂಗ ಆಡಕೆ ವಾಳವಾ ತಾಲೂಕಿನ ಕಾಸೇಗಾವದವರು. ಸ್ಮೃತಿ ಮಂಧಾನಾ ಬೆಳೆದದ್ದು ಸಾಂಗ್ಲಿಗೆ ಅಂಟಿದ ಮಾಧವನಗರದಲ್ಲಿ. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಭಾರ ಎತ್ತಿ ಬೆಳ್ಳಿ ತಂದ ಸಂಕೇತ ಸರಗರ ಸಾಂಗ್ಲಿ ಪಟ್ಟಣದ ಹುಡುಗ. ಇವರ ಊರುಗಳಿಗೆಲ್ಲ ಒಂದೊಂದು ಚುಕ್ಕೆ ಇಟ್ಟು ನೋಡಿ. ಖಿಲಾರಿಯವರ ಕರಗಣಿಯೊಂದನ್ನು ಬಿಟ್ಟರೆ ಚುಕ್ಕೆಗಳೆಲ್ಲ ಕೃಷ್ಣಾ, ವಾರಣಾ ನದಿಗಳ ಪಡುವಣ ಬಯಲಲ್ಲೇ ಗುಂಪಾಗಿ ಬೀಳುತ್ತವೆ. ಜಿಲ್ಲೆಯಲ್ಲೇ ವಿಸ್ತಾರದಲ್ಲಿ ದೊಡ್ಡದಾದ, 2011ರ ಜನಗಣತಿಯಲ್ಲೇ ಮೂರು ಲಕ್ಷ ದಾಟಿದ ಜತ್ತ ತಾಲೂಕು ಮೂಡಣ ತುದಿಯಲ್ಲಿ ಖಾಲಿ ಇದೆ. ಪಡುವಣದ ತಾಯಂದಿರು ಮಾತ್ರ ಗಟ್ಟಿ ಮಕ್ಕಳನ್ನು ಹೆರುತ್ತಾರೆಂದು ಯಾರೂ ಎದೆ ತಟ್ಟಿ ಹೇಳಲಾರರು. ನೀರು, ಹಾಲು, ತಾಲೀಮು, ಪೇಟೆ, ಬಸ್ಸು ಆ ಕಡೆ ಇವೆ.

ಮೂರನೆಯ ಆಕ್ಷೇಪ ಎತ್ತಿದವರು ಆಯ್ಕೆ ಸಮಿತಿಯವರು. ‘ಟ್ರಯಲ್ಸ್ ಎಲ್ಲರಿಗೂ ತೆರೆದಿರುತ್ತದೆ. ಸುತ್ತೋಲೆ ಕಳಿಸುತ್ತೇವೆ. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ವಿಡಿಯೋ ಕಳಿಸಿದರೂ ನೋಡುತ್ತೇವೆ.’

ಅವರ ನಿಯತ್ತಿನ ಮೇಲೆ ನನಗೆ ಸಂಶಯವಿಲ್ಲ. ಆದರೆ ಅವರು ಸಾಂಗ್ಲಿಯಲ್ಲಿ ಕೂತು ನಮ್ಮ ಜತ್ತ ತಾಲೂಕಿನ ಉಮದಿಯನ್ನು ನೋಡುತ್ತಾರೆ. ನಾನು ಉಮದಿಯ ಕಡೆಯಿಂದ ಸಾಂಗ್ಲಿಯನ್ನು ನೋಡಿದವನು. ಉಮದಿಯಿಂದ ವಿಜಯಪುರ ಎಷ್ಟು ದೂರವೋ ಸಾಂಗ್ಲಿ ಅದರ ದುಪ್ಪಟ್ಟಿಗೂ ಹೆಚ್ಚು. ಬೆಳಗಿನ ಒಂಬತ್ತಕ್ಕೆ ಮೈದಾನದಲ್ಲಿ ನಿಲ್ಲಬೇಕಾದ ಮಗು ಹಿಂದಿನ ದಿನವೇ ಹೊರಡಬೇಕು. ಅಂದರೆ ಎರಡು ದಿನದ ಕೂಲಿ, ಇಬ್ಬರ ಎಸ್‌ಟಿ ಬಸ್ಸಿನ ಚಾರ್ಜು, ಒಂದು ರಾತ್ರಿಯ ಊಟ, ಮಲಗಲು ಯಾರದೋ ಮನೆಯ ಪಡಸಾಲೆ. ನನ್ನ ಶಾಲೆಯಲ್ಲಿ ಒಬ್ಬ ಹುಡುಗಿ ಇದ್ದಳು. ಹದಿಮೂರಕ್ಕೇ ನನ್ನ ಭುಜ ದಾಟಿ ಬೆಳೆದಿದ್ದಳು, ಕೈ ಮೊಣಕಾಲು ಮುಟ್ಟುವಷ್ಟು ಉದ್ದ. ಖೊಖೊದಲ್ಲಿ ಅವಳು ಕಂಬ ತಿರುಗಿದರೆ ಹಿಂದೆ ಬಂದವರು ಗಾಳಿ ಹಿಡಿಯಬೇಕಿತ್ತು. ಅಂಥ ಮೈಕಟ್ಟಿಗೆ ಬ್ಯಾಸ್ಕೆಟ್‌ಬಾಲ್ ಅಂಗಳವೇ ಸರಿ ಎಂದು ನನಗೆ ತೋಚಿತ್ತು, ಆದರೆ ಅವಳು ಆ ಬುಟ್ಟಿಯನ್ನು ಪುಸ್ತಕದ ಚಿತ್ರದಲ್ಲಿ ಬಿಟ್ಟರೆ ಕಂಡವಳಲ್ಲ. ಒಂದು ಆಯ್ಕೆಗೆ ಅಪ್ಪ ಮಗಳನ್ನು ಕಳಿಸಿದೆ. ನಡುವೆ ಬದಲಿಸಿ ಹತ್ತಿದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಇವರು ಮುಟ್ಟುವಾಗ ಅಳತೆ, ಓಟ ಎಲ್ಲ ಮುಗಿದು ಪಟ್ಟಿ ಬರೆಯುತ್ತಿದ್ದರಂತೆ. ಮರುದಿನ ಅಪ್ಪ ಶಾಲೆಗೆ ಬಂದು ನಿಂತ. ‘ಎರಡು ದಿನದ ಕೂಲಿ ಹೋತ್ರಿ ಸರ. ಹುಡುಗಿ ಚಪ್ಪಲಿ ಬಿಚ್ಚಿ ಓಡಲೂ ಇಲ್ಲ. ಮತ್ತ ಯಾವಾಗರ ಐತೇನ್ರಿ?’ ಮತ್ತೆ ಇತ್ತು, ಮರುವರ್ಷ. ಅಷ್ಟರಲ್ಲಿ ಅವಳ ಮದುವೆಯ ಮಾತು ಎದ್ದಿತ್ತು.

ಸುತ್ತೋಲೆಯ ವಿಷಯ. ಅದು ಮರಾಠಿಯಲ್ಲಿ ಬರುತ್ತದೆ, ಮೇಷ್ಟರ ಕೈಗೆ ಬರುತ್ತದೆ. ಓದಿ ಹೇಳುವ, ಹೇಳಿ ಮನೆಯವರನ್ನು ಒಪ್ಪಿಸುವ ಒಬ್ಬ ಮೇಷ್ಟರು ಇದ್ದರೆ ಮಗು ಹೊರಡುತ್ತದೆ. ಇಲ್ಲದಿದ್ದರೆ ಕಾಗದ ಫೈಲಿನಲ್ಲಿ ಉಳಿಯುತ್ತದೆ. ವಿಡಿಯೋ ಎನ್ನುತ್ತಾರೆ. ಯಾವುದನ್ನು ತೆಗೆಯಬೇಕು, ಯಾವ ಕೋನದಿಂದ ತೆಗೆಯಬೇಕು, ಯಾರಿಗೆ ಕಳಿಸಬೇಕು ಎಂದು ತಿಳಿದ ಮನೆಯ ಮಗುವಿಗೆ ಅದು ಅನುಕೂಲ. ಆ ತಿಳಿವಳಿಕೆಯೂ ಪೇಟೆಯ ಹತ್ತಿರವೇ ಸಿಗುತ್ತದೆ. ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಒಂಬತ್ತರಿಂದ ಹದಿನೆಂಟು ವರ್ಷದ ಮಕ್ಕಳ ಪ್ರತಿಭೆ ಅಳೆಯುವ ‘ಕೀರ್ತಿ’ ಯೋಜನೆ ಶುರು ಮಾಡಿತು. ಒಳ್ಳೆಯ ಕೆಲಸ, ನಾನು ಮನಸಾರೆ ಮೆಚ್ಚುತ್ತೇನೆ. ಆದರೂ ಅಳೆಯುವ ಕೇಂದ್ರ ಎಲ್ಲಿರುತ್ತದೆ ಎಂಬ ಪ್ರಶ್ನೆ ಬಂದಾಗ ನಾವು ಮತ್ತೆ ಆ ಕೆಟ್ಟು ನಿಂತ ಬಸ್ಸಿನ ಹತ್ತಿರವೇ ಬಂದು ನಿಲ್ಲುತ್ತೇವೆ.

ಇದರ ಮೇಲೆ ಕಬ್ಬಿನ ಸುಗ್ಗಿ. ಹೊರಗಿನವರಿಗೆ ಇದು ತಿಳಿಯುವುದಿಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಮಳೆ ಕೈಕೊಟ್ಟ ವರ್ಷ ನಮ್ಮ ಊರುಗಳ ಗಂಡ ಹೆಂಡಿರು ಕೂಲಿಗಳನ್ನು ಒಯ್ಯುವ ಮುಕಾದಮನ ಹತ್ತಿರ ಉಚಲ್, ಅಂದರೆ ಮುಂಗಡ ಹಣ, ತೆಗೆದುಕೊಂಡಿರುತ್ತಾರೆ. ದಸರೆ, ದೀಪಾವಳಿ ಹೊತ್ತಿಗೆ ಗಾಡಿ ಕಟ್ಟಿಕೊಂಡು ಪಡುವಣದ ಕಾರ್ಖಾನೆಗಳ ಸೀಮೆಗೆ ಕಬ್ಬು ಕಡಿಯಲು ಹೋಗುತ್ತಾರೆ. ಅಜ್ಜಿ ಇದ್ದ ಮನೆಯ ಮಗು ಊರಲ್ಲಿ ಉಳಿಯುತ್ತದೆ, ಇಲ್ಲದ ಮನೆಯದು ಅಪ್ಪ ಅವ್ವನ ಸಂಗಡ ಗುಡಿಸಲಿಗೆ ಹೋಗುತ್ತದೆ. ಶಾಲಾ ಕ್ರೀಡಾಕೂಟಗಳು ತಾಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ವಿಭಾಗಕ್ಕೆ ಏರುವ ಹೊತ್ತೂ ಸರಿಸುಮಾರು ಅದೇ. ತಾಲೂಕಿನಲ್ಲಿ ಗೆದ್ದ ಕಬಡ್ಡಿ ತಂಡವನ್ನು ಮುಂದಿನ ಸುತ್ತಿಗೆ ಒಯ್ಯಬೇಕಾದಾಗ ಏಳು ಜನರಲ್ಲಿ ಮೂವರು ಕಬ್ಬಿನ ಹೊಲದಲ್ಲಿದ್ದ ವರ್ಷ ನಾನು ಕಂಡಿದ್ದೇನೆ. ಆ ಹುಡುಗರ ಹೆಸರಿನ ಮುಂದೆ ‘ಗೈರು’ ಎಂದು ಬರೆದದ್ದು ನನ್ನ ಕೈಯೇ.

ನಾಲ್ಕನೆಯದು ನನಗೆ ನೋವು ಕೊಟ್ಟ ಮಾತು. ‘ಸೀಟು ಕೊಟ್ಟರೂ ನಿಮ್ಮ ಮಕ್ಕಳು ಹಾಸ್ಟೆಲ್ ಬಿಟ್ಟು ಓಡಿ ಬರುತ್ತಾರೆ. ಅವರಲ್ಲಿ ಛಲ ಇಲ್ಲ.’

ಓಡಿ ಬಂದವರು ಇದ್ದಾರೆ, ನಿಜ. ನಾನೇ ಕಳಿಸಿದ ಒಬ್ಬ ಹುಡುಗ ಒಂದು ಕ್ರೀಡಾ ವಸತಿ ನಿಲಯದಿಂದ ಇಪ್ಪತ್ತು ದಿನಕ್ಕೆ ತಿರುಗಿ ಬಂದ. ಸಿಟ್ಟಿನಿಂದ ಕೇಳಿದೆ. ಅವನು ತಲೆ ಎತ್ತದೆ ಹೇಳಿದ: ‘ಅಲ್ಲೆ ಯಾರೂ ಬೈಲಿಲ್ರಿ ಸರ, ಹೊಡೀಲಿಲ್ಲ. ಯಾರೂ ನನ್ನ ಕೂಡ ಮಾತಾಡಲೂ ಇಲ್ಲ.’ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಕನ್ನಡ. ಮರಾಠಿ ಸಂತೆಯಲ್ಲಿ ಕೇಳಿ ಗೊತ್ತು. ಕೋಚ್ ಹೇಳಿದ್ದು ಅರ್ಧ ತಿಳಿದು ಅರ್ಧ ತಿಳಿಯದೆ ತಪ್ಪು ಕಡೆ ಓಡಿ ನಗೆಗೀಡಾದ ಹನ್ನೆರಡರ ಹುಡುಗನಿಗೆ ರಾತ್ರಿ ಊರು ನೆನಪಾದರೆ ಅದನ್ನು ಛಲದ ಕೊರತೆ ಎನ್ನಬಾರದು.

ಅಮೆರಿಕದ ಲ್ಯಾರಿ ಬರ್ಡ್ ಅವರ ಹೆಸರು ಬ್ಯಾಸ್ಕೆಟ್‌ಬಾಲ್ ಬಲ್ಲವರಿಗೆಲ್ಲ ಗೊತ್ತು. ಇಂಡಿಯಾನಾ ರಾಜ್ಯದ ಫ್ರೆಂಚ್ ಲಿಕ್ ಎಂಬ ಪುಟ್ಟ ಊರಿನ ಬಡವರ ಮನೆಯ ಹುಡುಗ. 1974ರಲ್ಲಿ ತನ್ನದೇ ರಾಜ್ಯದ ದೊಡ್ಡ ವಿಶ್ವವಿದ್ಯಾಲಯ ಸೇರಿದ. ಅಲ್ಲಿನ ಜನಜಂಗುಳಿ ನೋಡಿ ಕಂಗೆಟ್ಟು ತಿಂಗಳು ತುಂಬುವ ಮೊದಲೇ ಊರಿಗೆ ತಿರುಗಿದ. ಊರಿನ ಕಸದ ಗಾಡಿಯ ಕೆಲಸ ಮಾಡಿದ. ಅಲ್ಲಿಗೆ ಯಾರಾದರೂ ‘ಛಲ ಇಲ್ಲದ ಹುಡುಗ’ ಎಂದು ಕೈಬಿಡಬಹುದಿತ್ತು. ಇಂಡಿಯಾನಾ ಸ್ಟೇಟ್ ಎಂಬ ಸಣ್ಣ ವಿಶ್ವವಿದ್ಯಾಲಯದ ಸಹಾಯಕ ಕೋಚ್ ಬಿಲ್ ಹಾಜಸ್ ಅವನನ್ನು ಹುಡುಕಿಕೊಂಡು ಅವನ ಊರಿಗೇ ಬಂದ, ಮಾತಾಡಿಸಿ ಕರೆದುಕೊಂಡು ಹೋದ. 1979ರಲ್ಲಿ ಆ ಹುಡುಗ ತನ್ನ ತಂಡವನ್ನು ಕಾಲೇಜು ಚಾಂಪಿಯನ್‌ಷಿಪ್‌ನ ಫೈನಲ್‌ಗೆ ಒಯ್ದ. ಓಡಿ ಬಂದ ನಮ್ಮ ಹುಡುಗನ ಮನೆಗೆ ಆ ನಿಲಯದಿಂದ ಒಂದು ಫೋನ್ ಕೂಡ ಬರಲಿಲ್ಲ. ಈಗ ಅವನು ಟ್ರ್ಯಾಕ್ಟರ್ ಓಡಿಸುತ್ತಾನೆ. ದಾರಿಯಲ್ಲಿ ಸಿಕ್ಕರೆ ಇಳಿದು ನಮಸ್ಕಾರ ಮಾಡುತ್ತಾನೆ. ನನಗೆ ಆ ನಮಸ್ಕಾರ ತಗೊಳ್ಳಲು ಕಷ್ಟವಾಗುತ್ತದೆ.

ಹಾಗಂತ ಸರ್ಕಾರಿ ವ್ಯವಸ್ಥೆಯೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಕೊಲ್ಹಾಪುರ ಜಿಲ್ಲೆಯ ಕಂಬಳವಾಡಿಯ ಸ್ವಪ್ನಿಲ್ ಕುಸಾಳೆ ಮಹಾರಾಷ್ಟ್ರ ಸರ್ಕಾರದ ಕ್ರೀಡಾ ಪ್ರಬೋಧಿನಿಯಲ್ಲೇ ಬಂದೂಕು ಹಿಡಿಯಲು ಕಲಿತು 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರು. ಬಾಗಿಲು ದಾಟಿದವರಿಗೆ ವ್ಯವಸ್ಥೆ ಕೆಲಸ ಮಾಡುತ್ತದೆ. ನನ್ನ ಜಗಳ ಬಾಗಿಲಿನವರೆಗಿನ ದಾರಿಯದು.

ಐದನೆಯ ಆಕ್ಷೇಪ ಚಿಕ್ಕದು: ಬರಗಾಲದ ಮಕ್ಕಳಿಗೆ ಆಹಾರ ಸಾಲದು, ಎತ್ತರ ಸಾಲದು, ಹುಡುಕಿ ಏನು ಫಲ? ಆಹಾರದ ಮಾತು ಒಪ್ಪುತ್ತೇನೆ. ಜೋಳದ ರೊಟ್ಟಿ, ಬೇಳೆಯ ಮೇಲೆ ಬೆಳೆಯುವ ಮಗುವಿಗೆ ಪೈಲವಾನರ ಖುರಾಕು ಎಲ್ಲಿಂದ ಬರಬೇಕು? ಅದಕ್ಕಾಗಿಯೇ ಬೇಗ ಹುಡುಕಿ ಬೇಗ ಉಣ್ಣಿಸಿ ಎನ್ನುತ್ತೇನೆ. ಎತ್ತರವನ್ನು ಕೂತಲ್ಲಿಂದ ತೀರ್ಮಾನಿಸಬೇಡಿ, ಟೇಪು ತಂದು ಅಳೆಯಿರಿ. ಪಂಜಾಬಿನ ಬಲ್ಲೋ ಕೇ ಎಂಬ ಹಳ್ಳಿಯ ರೈತನ ಮಗ ಸತ್ನಾಮ್ ಸಿಂಗ್‌ನ ಎತ್ತರ ಯಾರದೋ ಕಣ್ಣಿಗೆ ಬಿತ್ತು. ಅವನ ರಾಜ್ಯದಲ್ಲೇ ಲುಧಿಯಾನಾದಲ್ಲಿ ಒಂದು ಬ್ಯಾಸ್ಕೆಟ್‌ಬಾಲ್ ಅಕಾಡೆಮಿ ಇತ್ತು. 2015ರಲ್ಲಿ ಅವನು ಅಮೆರಿಕದ ಎನ್‌ಬಿಎ ತಂಡವೊಂದು ಆರಿಸಿಕೊಂಡ ಮೊದಲ ಭಾರತೀಯನಾದ.

ಕೊನೆಯ ಆಕ್ಷೇಪ ಕಾವಿನದು. ವಿಜಯಪುರದ ಹೆಸರೆತ್ತಿ ನಾನು ಗಡಿ ತಂಟೆ ಕೆದಕುತ್ತಿದ್ದೇನೆ ಎನ್ನುತ್ತಾರೆ. 2022ರ ಕೊನೆಯಲ್ಲಿ ಜತ್ತದ ಹಳ್ಳಿಗಳ ಹೆಸರು ಎರಡೂ ರಾಜ್ಯಗಳ ನಾಯಕರ ಬಾಯಲ್ಲಿ ಓಡಾಡಿದ್ದನ್ನು ನಾವು ನೋಡಿದ್ದೇವೆ. ಆ ಗದ್ದಲದಲ್ಲಿ ಮಕ್ಕಳ ಆಟದ ಬಗ್ಗೆ ಯಾರೂ ಒಂದು ಶಬ್ದ ಆಡಲಿಲ್ಲ. ನನಗೆ ಯಾವ ಊರು ಯಾವ ರಾಜ್ಯಕ್ಕೆ ಎಂಬ ತೀರ್ಪು ಬೇಕಿಲ್ಲ. ವಿಜಯಪುರ ಜಿಲ್ಲೆ ಸೈಕ್ಲಿಂಗ್‌ಗೆ ಹೆಸರಾದದ್ದು, ಅಲ್ಲಿ ಕರ್ನಾಟಕ ಸರ್ಕಾರದ ಸೈಕ್ಲಿಂಗ್ ಕ್ರೀಡಾ ನಿಲಯ ಇದೆ. ನಮ್ಮ ಮೂಡಣ ಹಳ್ಳಿಗಳ ಮಕ್ಕಳಿಗೂ ಅದೇ ನೇರ ರಸ್ತೆ, ಅದೇ ಎದುರುಗಾಳಿ, ಅದೇ ಮಾತು. ಆ ನಿಲಯ ಕರ್ನಾಟಕದ ಮಕ್ಕಳಿಗೆಂದು ಇರುವುದು ಸಹಜ. ನಾನು ಕೇಳುವುದು ಕೆಲವೇ ಸೀಟು.

ಇದಕ್ಕೆ ಹೊಸ ಕಾನೂನು ಹುಡುಕಬೇಕಿಲ್ಲ. ಕರ್ನಾಟಕದ ಸಿಇಟಿಯಲ್ಲಿ ಇಂಜಿನಿಯರಿಂಗ್ ಮೊದಲಾದ ಸೀಟುಗಳಿಗೆ ಗಡಿನಾಡ ಕನ್ನಡಿಗರಿಗೆ ಅರ್ಹತೆ ಕೊಡುವ ಒಂದು ಕಲಮು ಇದೆ. ಅದರಲ್ಲಿ ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಗಡಹಿಂಗ್ಲಜ ತಾಲೂಕುಗಳ ಸಾಲಿನಲ್ಲಿ ಜತ್ತದ ಹೆಸರೂ ಇದೆ, ಕೇರಳದ ಕಾಸರಗೋಡಿನ ಹೆಸರೂ ಇದೆ. ಲೆಕ್ಕ ಮಾಡುವ ತಲೆಗೆ ಗಡಿ ದಾಟಲು ಹಾಕಿಕೊಟ್ಟ ಸೇತುವೆ ಪೆಡಲ್ ತುಳಿಯುವ ಕಾಲಿಗೆ ಏಕಿಲ್ಲ? ಅತ್ತ ಕಡೆಯಿಂದ ನೋಡಿದರೂ ಅಷ್ಟೇ. 1956ರಲ್ಲಿ ಚಿಕ್ಕೋಡಿ ಸೀಮೆ ಮೈಸೂರು ರಾಜ್ಯಕ್ಕೆ ಬಂದ ಮೇಲೂ ಎಕ್ಸಂಬಾದ ಖಂಚನಾಳೆಯವರನ್ನು ಕೊಲ್ಹಾಪುರ ತನ್ನ ಮಗನೆಂದೇ ಮೆರೆಸಿತು. ಅದರಿಂದ ಯಾವ ರಾಜ್ಯದ ಮಾನವೂ ಕಡಿಮೆಯಾಗಲಿಲ್ಲ.

ಒಂದು ತೊಡಕನ್ನು ಪುಣೆಯ ನನ್ನ ಶಿಷ್ಯ ಎತ್ತಿದ್ದಾನೆ, ಅದು ನ್ಯಾಯವಾದದ್ದು. ಮಹಾರಾಷ್ಟ್ರದ ಸರ್ಕಾರಿ ನೌಕರಿಯಲ್ಲಿ ಆಟಗಾರರಿಗೆ ಶೇ. 5 ಮೀಸಲು ಇದೆ. ವಿಜಯಪುರದಲ್ಲಿ ತರಬೇತಾಗಿ ಕರ್ನಾಟಕದ ಪರ ಆಡಿದ ಜತ್ತದ ಹುಡುಗ ಅದನ್ನು ಕಳೆದುಕೊಂಡರೆ ಎತ್ತ ಹೋಗಬೇಕು? ಇದನ್ನು ಎರಡೂ ಕಡೆಯ ಕ್ರೀಡಾ ಇಲಾಖೆಗಳು ಕೂತು ಬಗೆಹರಿಸಬೇಕು. ಮಗು ಕಲಿಯುವುದು ಅಲ್ಲಿ, ಆಡುವುದು ಇಲ್ಲಿ ಎಂದು ಮೊದಲೇ ಬರೆದುಕೊಂಡರೆ ತೊಡಕು ಬಿಚ್ಚುತ್ತದೆ ಎಂದು ನನ್ನ ಎಣಿಕೆ. ಅದಾಗುವವರೆಗೆ ಮನೆಯವರಿಗೆ ಈ ವಿಷಯ ಮುಚ್ಚಿಡದೆ ಹೇಳಬೇಕು.

ಅಲ್ಲಿಯವರೆಗೆ ಸಾಂಗ್ಲಿಯಿಂದಲೇ ಆಗಬಹುದಾದ ಕೆಲಸಕ್ಕೆ, ಅಂದರೆ ಆಯ್ಕೆ ಮಾಡುವವರು ಊರಿಗೆ ಬರುವುದಕ್ಕೆ, ಏನೇನು ಬೇಕು ಎಂದು ಆಯ್ಕೆ ಸಮಿತಿಯವರೊಬ್ಬರು ಕೇಳಿದ್ದರು. ಒಂದು ಜೀಪು. ಇಬ್ಬರು ತರಬೇತುದಾರರು, ಅವರಲ್ಲಿ ಒಬ್ಬರಿಗೆ ಕನ್ನಡ ಬರಬೇಕು. ಅಳತೆಯ ಟೇಪು, ಸ್ಟಾಪ್‌ವಾಚ್, ಒಂದು ಮೆಡಿಸಿನ್ ಬಾಲ್. ಮೂರು ದಿನ: ಒಂದು ದಿನ ಉಮದಿ, ಒಂದು ದಿನ ಸಂಖ, ಒಂದು ದಿನ ಜತ್ತ. ಸುತ್ತಲ ಶಾಲೆಗಳ ಮಕ್ಕಳನ್ನು ನಡೆಸಿಕೊಂಡು ಬರುವ ಹೊಣೆ ನಮ್ಮಂಥ ಮೇಷ್ಟರದು, ನಿವೃತ್ತನಾದ ನಾನೂ ಬರುತ್ತೇನೆ. ಜುಲೈನಲ್ಲಿ ಬನ್ನಿ, ಹೆಚ್ಚೆಂದರೆ ಆಗಸ್ಟ್. ದಸರೆಯ ನಂತರ ಬಂದರೆ ಮಕ್ಕಳು ಊರಲ್ಲಿ ಇರುವುದಿಲ್ಲ.